ಬಣ್ಣ ಹಚ್ಚುವ ಕೈ ಪಳಗಿದ ದಾರಿ

ಧಾರವಾಡದಿಂದ ಲೋಂಡಾ ಕಡೆ ಹೋಗುವ ರೈಲು ಹಾದಿಯಲ್ಲಿ, ಎರೆಹೊಲಗಳು ಹಿಂದೆ ಸರಿದು ಕಾಡಿನ ಅಂಚು ಶುರುವಾಗುವಲ್ಲಿ ಅಳ್ನಾವರ ಇದೆ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಗೋವೆಯ ಬಂದರಿನತ್ತ ಹಳಿ ಹಾಕಿದಂದಿನಿಂದ ಅದು ಹುಬ್ಬಳ್ಳಿ, ಬೆಳಗಾವಿ, ಗೋವೆಗಳ ನಡುವಿನ ನಿಲ್ದಾಣ. ದಾಂಡೇಲಿ ಕಾಡಿನ ಕಟ್ಟಿಗೆಗಾಗಿ ಕವಲು ಹಳಿ ಬಿದ್ದ ಮೇಲೆ ಜಂಕ್ಷನ್. ಈಚೆಗೆ ತಾಲ್ಲೂಕು ಕೇಂದ್ರವೂ ಆಯಿತು. ಇಂಥ ಊರಲ್ಲಿ ಪಿಯುಸಿ ಮುಗಿಸಿದ ಹುಡುಗಿಯೊಬ್ಬಳು ಮೇಕಪ್ ಕಲಿತು ಮದುಮಗಳನ್ನು ಸಿಂಗರಿಸುವ ಕೆಲಸ ಹಿಡಿಯುತ್ತೇನೆ ಎಂದರೆ, ಮನೆಯ ಹಿರಿಯರಿಗೆ ಅದು ಟಿವಿ, ಮೊಬೈಲು ತಂದಿಟ್ಟ ನಿನ್ನೆ ಮೊನ್ನೆಯ ಉದ್ಯೋಗವಾಗಿ ಕಾಣುತ್ತದೆ. ಈ ತಿಳಿವಳಿಕೆ ತಪ್ಪು. ಮುಖವನ್ನು ಬದಲಿಸುವ ಕಲೆಯನ್ನು ಹೊಟ್ಟೆಪಾಡಿಗೆ ಹಚ್ಚಿಕೊಂಡವರ ಚರಿತ್ರೆ ಈ ಸೀಮೆಯಲ್ಲಿ ಒಂದೂವರೆ ಶತಮಾನದಷ್ಟಾದರೂ ಹಿಂದಕ್ಕೆ ಹೋಗುತ್ತದೆ. ಹೊಸದಾಗಿ ಆಗಿರುವುದು ಬೇರೆ: ಕಲಿಯುವ ಜಾಗ ಮತ್ತು ದುಡಿಯುವ ಜಾಗ ಒಂದರಿಂದೊಂದು ಅಗಲಿವೆ. ಇವತ್ತು ಈ ಕೆಲಸಕ್ಕೆ ಇಳಿಯುವವರಿಗೆ ಮೊದಲ ಕೆಲವು ವರ್ಷ ಇಷ್ಟು ಕಠಿಣವಾಗಿರುವುದಕ್ಕೆ ಆ ಅಗಲಿಕೆಯೇ ದೊಡ್ಡ ಕಾರಣವೆಂದು ನಾನು ವಾದಿಸುತ್ತೇನೆ.

ಲಗ್ನದ ಮನೆಯಿಂದಲೇ ನೋಡೋಣ. ಪಾರ್ಲರ್ ಬರುವ ಮುನ್ನ ಮದುಮಗಳನ್ನು ಸಿಂಗರಿಸುವ ಕೆಲಸ ಒಬ್ಬರ ಕೈಯಲ್ಲಿ ಇರಲಿಲ್ಲ. ಅರಿಷಿಣ ಹಚ್ಚಿ ಸುರಗಿ ಸುತ್ತಿ ನೀರು ಹಾಕುವುದು ಮುತ್ತೈದೆಯರ ಪಾಲು. ಬಳೆ ಇಡಿಸುವುದು ಬಳೆಗಾರನದು. ದಂಡಿ, ಬಾಸಿಂಗ ತರುವವರು ಹೂಗಾರರು. ಮದುಮಗನ ಕ್ಷೌರ ನಾವಿಯದು. ಇವರಲ್ಲಿ ಕೆಲವರಿಗೆ ದುಡ್ಡು, ಕೆಲವರಿಗೆ ಆಯ, ಕೆಲವರಿಗೆ ಒಂದು ಸೀರೆ ಇಲ್ಲವೇ ಕಾಯಿ-ಅಕ್ಕಿ. ಯಾರ ತಲೆಯನ್ನು ಯಾರು ಮುಟ್ಟಬೇಕು, ಯಾರ ಕೈಯನ್ನು ಯಾರು ಹಿಡಿಯಬಹುದು ಎಂಬುದನ್ನು ಜಾತಿ ತೀರ್ಮಾನಿಸುತ್ತಿತ್ತು. ಇವತ್ತು ಮದುಮಗಳ ಮೇಕಪ್ ಮಾಡುವವಳು ಈ ಹಲವು ಕೈಗಳ ಕೆಲಸವನ್ನು ಒಂದು ಪೆಟ್ಟಿಗೆಯಲ್ಲಿಟ್ಟುಕೊಂಡು ಬರುತ್ತಾಳೆ: ಜಡೆ, ಹೂವು, ಸೀರೆ ಉಡಿಸುವುದು, ಮುಖ, ಕೆಲವೊಮ್ಮೆ ಮೆಹಂದಿ ಕೂಡ. ಅವಳು ಯಾವ ಜಾತಿಯವಳು ಎಂದು ಕೇಳದೆ ಮುಖ ಒಡ್ಡುವುದು ಸಣ್ಣ ಬದಲಾವಣೆಯಲ್ಲ. ನಾವಿಯ ಮಗ ನಾವಿಯೇ ಆಗಬೇಕಿದ್ದ ಲೋಕದಲ್ಲಿ, ಯಾರ ಮಗಳಾದರೂ ಕಲಿತು ಹಿಡಿಯಬಹುದಾದ ಕಸುಬೊಂದು ಹುಟ್ಟಿದೆ. ಆದರೆ ಲಗ್ನದ ಮನೆಯಲ್ಲಿ ಮುಖದ ಬಣ್ಣ ಎಂಬುದು ಅರಿಷಿಣ, ಕುಂಕುಮ, ಕಾಡಿಗೆಯಲ್ಲೇ ಮುಗಿಯುತ್ತಿತ್ತು. ಮುಖವನ್ನೇ ಬೇರೆಯಾಗಿಸುವ ವಿದ್ಯೆ ಬೆಳೆದದ್ದು ಆಟದ ಕಟ್ಟೆಯಲ್ಲಿ, ಆಮೇಲೆ ನಾಟಕ ಕಂಪನಿಯಲ್ಲಿ.

ಉತ್ತರ ಕನ್ನಡದ ಕರ್ಕಿಯ ಯಕ್ಷಗಾನ ಮೇಳ 1842ರ ಸುಮಾರಿಗೆ ಸಾಂಗ್ಲಿಗೆ ಹೋಗಿ ಆಟ ಆಡಿತು. ಅದನ್ನು ನೋಡಿದ ಮೇಲೆ ಅಲ್ಲಿಯ ದೊರೆ ವಿಷ್ಣುದಾಸ ಭಾವೆಯಿಂದ ಮರಾಠಿಯಲ್ಲಿ ಅಂಥ ಆಟ ಕಟ್ಟಿಸಿದ್ದು, 1843ರಲ್ಲಿ ‘ಸೀತಾ ಸ್ವಯಂವರ’ ಆದದ್ದು ರಂಗಭೂಮಿಯ ಚರಿತ್ರೆ ಬಲ್ಲವರಿಗೆ ಗೊತ್ತು. ಮುಂದೆ ಮರಾಠಿ ಸಂಗೀತ ನಾಟಕಕ್ಕೆ ರೂಪ ಕೊಟ್ಟ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದೂ ಸವದತ್ತಿ ಬಳಿಯ ಗುರ್ಲಹೊಸೂರಿನಲ್ಲಿ. ಮರಾಠಿ ಕಂಪನಿಗಳು ಹುಬ್ಬಳ್ಳಿ, ಧಾರವಾಡಕ್ಕೆ ಬಂದು ಮನೆಮಾತಾದಾಗ, ಕನ್ನಡದಲ್ಲಿ ನಾಟಕವಿಲ್ಲವೇ ಎಂಬ ನೋವಿನಿಂದ 1870ರ ದಶಕದಲ್ಲಿ ಗದಗಿನಲ್ಲಿ ಶಾಂತಕವಿಗಳು ಕೃತಪುರ ನಾಟಕ ಮಂಡಳಿ ಕಟ್ಟಿದರು. ಆಮೇಲೆ ಕೊಣ್ಣೂರು ಕಂಪನಿ, ಶಿರಹಟ್ಟಿ ವೆಂಕೋಬರಾಯರ ಕಂಪನಿ, ವಾಮನರಾವ್ ಮಾಸ್ತರರ ವಿಶ್ವಗುಣಾದರ್ಶ, ಗರೂಡ ಸದಾಶಿವರಾಯರ ದತ್ತಾತ್ರೇಯ ಮಂಡಳಿ. ಪರದೆ, ಪೆಟಾರಿ, ಕಿರೀಟ, ಬಣ್ಣದ ಡಬ್ಬಿಗಳೆಲ್ಲ ರೈಲಿನಲ್ಲೇ ಸಾಗಬೇಕಿದ್ದ ಕಾಲದಲ್ಲಿ ಹುಬ್ಬಳ್ಳಿಯಿಂದ ಬೆಳಗಾವಿ, ಮೀರಜ, ಸಾಂಗ್ಲಿಗೆ ಹೋಗುವ ದಾರಿ ಅಳ್ನಾವರದ ಮೇಲೇ ಹಾಯುತ್ತಿತ್ತು. ಊರಿಗೆ ಹೆಸರಾಂತ ಕಂಪನಿ ಇರಲಿಲ್ಲ ಎಂಬುದರಿಂದ ಈ ಚರಿತ್ರೆ ಅದರದಲ್ಲ ಎನ್ನಲಾಗದು. ನಾಟಕದ ಸೀಮೆ ಬೆಳೆದದ್ದೇ ಈ ಹಳಿಯ ಗುಂಟ.

ಆ ಕಂಪನಿಗಳಲ್ಲಿ ಹೆಣ್ಣಿನ ಪಾತ್ರ ಮಾಡುತ್ತಿದ್ದವರು ಬಹುತೇಕ ಗಂಡಸರು, ಅದರಲ್ಲೂ ಹುಡುಗರು. ಬಣ್ಣಗಾರಿಕೆಯ ದೃಷ್ಟಿಯಿಂದ ಇದೇ ಮುಖ್ಯ ಸಂಗತಿ. ಕುಂದಗೋಳದಲ್ಲಿ 1886ರಲ್ಲಿ ಹುಟ್ಟಿದ ಸವಾಯಿ ಗಂಧರ್ವರು ಸಂಗೀತಗಾರರಾಗಿ ಇಂದು ನಮಗೆ ಗೊತ್ತು. ಮರಾಠಿ ಸಂಗೀತ ನಾಟಕಗಳಲ್ಲಿ ಸ್ತ್ರೀ ಪಾತ್ರಗಳಿಗೂ ಅವರು ಹೆಸರಾಗಿದ್ದರು. ಸವದತ್ತಿ ತಾಲ್ಲೂಕಿನ ಏಣಗಿಯಲ್ಲಿ 1914ರಲ್ಲಿ ಹುಟ್ಟಿ 2017ರಲ್ಲಿ ತೀರಿಕೊಂಡ ಏಣಗಿ ಬಾಳಪ್ಪನವರು ಎಳವೆಯಲ್ಲಿ ಸೀರೆ ಉಟ್ಟೇ ರಂಗಕ್ಕೆ ಬಂದವರು. ಹುಡುಗನನ್ನು ನಾಯಕಿಯಾಗಿಸುವುದೆಂದರೆ ಪೌಡರ್ ಹಚ್ಚಿ ಕುಂಕುಮ ಇಡುವ ಕೆಲಸವಲ್ಲ. ದವಡೆಯ ಗಡುಸು ಕಾಣದಂತೆ ನೆರಳು ಕೊಡಬೇಕು, ಹುಬ್ಬನ್ನು ಮೇಲೆತ್ತಿ ಬರೆಯಬೇಕು, ಕಣ್ಣು ಕೊನೆಯ ಸಾಲಿನವನಿಗೂ ಕಾಣಬೇಕು. ಬೋಳಿಸಿದ ಗಡ್ಡದ ನೀಲಿ ಛಾಯೆಯ ಮೇಲೆ ಬರೀ ಬಿಳಿ ಹಚ್ಚಿದರೆ ಮುಖ ಬೂದಿ ಬೂದಿಯಾಗುತ್ತದೆ. ಅಡಿಯಲ್ಲಿ ಕೆಂಪು ಬೆರೆತಾಗಲೇ ಅದು ಅಡಗುವುದು. ಇಂದಿನ ಮೇಕಪ್ ತರಗತಿಯಲ್ಲಿ ಕಣ್ಣಡಿಯ ಕಪ್ಪಿಗೆ ಕಿತ್ತಳೆ ಬಣ್ಣದ ಕರೆಕ್ಟರ್ ಹಚ್ಚಲು ಹೇಳಿಕೊಡುವುದೂ ಇದೇ ತತ್ವವನ್ನು.

ಸಾಮಗ್ರಿಗೂ ಬೆಳಕಿಗೂ ಇರುವ ನಂಟನ್ನು ಇಲ್ಲಿ ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ಈ ಕಸುಬಿನ ಬುದ್ಧಿಯೆಲ್ಲ ಅಲ್ಲಿದೆ. ಆಟದವರ ಬಣ್ಣಗಳು ನಾಲ್ಕೇ: ಹಳದಿಗೆ ಅರದಾಳ, ಕೆಂಪಿಗೆ ಇಂಗಳೀಕ, ಬಿಳಿಗೆ ಸಫೇತ, ಕಪ್ಪಿಗೆ ಕಾಡಿಗೆ. ಕೊಬ್ಬರಿ ಎಣ್ಣೆಯಲ್ಲಿ ಕಲಸಿ, ಅಂಗೈಯಲ್ಲಿ ತಿಕ್ಕಿ, ಮುಖದ ಮೈಬಣ್ಣಕ್ಕೆ ಹೊಂದುವ ಹದವನ್ನು ಕಣ್ಣಳತೆಯಲ್ಲೇ ತರಬೇಕು. ಪಂಜಿನ ಬೆಳಕು ಹಳದಿ. ಆ ಬೆಳಕಿನಲ್ಲಿ ಹಳದಿ ಬಣ್ಣ ತೇಲಿಹೋಗುತ್ತದೆ, ನೀಲಿ ಕಪ್ಪಾಗುತ್ತದೆ, ಕೆಂಪು ನಿಲ್ಲುತ್ತದೆ. ಗ್ಯಾಸ್ ಬತ್ತಿ ಬಂದಾಗ ಬೆಳಕು ಬೆಳ್ಳಗಾಯಿತು, ಹದ ಬದಲಾಯಿತು. ವಿದ್ಯುತ್ ದೀಪ ಬಂದಾಗ ಮತ್ತೊಮ್ಮೆ. ಗದಗಿನಲ್ಲಿ ಕನ್ನಡ ಮಂಡಳಿ ತಲೆಯೆತ್ತುತ್ತಿದ್ದ ಹೊತ್ತಿಗೇ, 1873ರಲ್ಲಿ, ಬರ್ಲಿನ್ನಿನಲ್ಲಿ ಲುಡ್ವಿಗ್ ಲೈಕ್ನರ್ ಎಂಬ ಗಾಯಕ ಕೊಬ್ಬಿನಲ್ಲಿ ಕಲಸಿದ ಬಣ್ಣದ ಕಡ್ಡಿಗಳ ಕಾರ್ಖಾನೆ ತೆರೆದ. ಯುರೋಪಿನ ನಟರೂ ಅಲ್ಲಿಯವರೆಗೆ ಒಣ ಪುಡಿಗಳಲ್ಲೇ ಹೆಣಗುತ್ತಿದ್ದರು. ಚಲನಚಿತ್ರದ ಬಣ್ಣದ ರೀಲಿಗಾಗಿ ಮ್ಯಾಕ್ಸ್ ಫ್ಯಾಕ್ಟರ್ 1930ರ ದಶಕದಲ್ಲಿ ಪ್ಯಾನ್‌ಕೇಕ್ ತಂದ. ಭಾರತದಲ್ಲಿ 1952ರಲ್ಲಿ ಟಾಟಾದವರ ಲ್ಯಾಕ್ಮೆ ಶುರುವಾದ ಮೇಲೆ ಬಣ್ಣದ ಡಬ್ಬಿ ರಂಗದಿಂದ ಮನೆಯ ಕನ್ನಡಿಯ ಮುಂದಕ್ಕೆ ಬಂತು. ಪ್ರತಿ ಸಲವೂ ಬೆಳಕು ಬದಲಾದಾಗ ಸಾಮಗ್ರಿ ಬದಲಾಗಿದೆ, ಸಾಮಗ್ರಿ ಬದಲಾದಾಗ ಕೈ ಹೊಸದಾಗಿ ಪಳಗಬೇಕಾಗಿದೆ. ಇವತ್ತಿನ ಕ್ಯಾಮೆರಾ ಫ್ಲ್ಯಾಶಿಗೆ ಕೆಲವು ಪೌಡರುಗಳು, ಸನ್‌ಸ್ಕ್ರೀನುಗಳು ಬಿಳಿಚಿಕೊಂಡು, ಆಲ್ಬಂನಲ್ಲಿ ಮದುಮಗಳ ಮುಖ ಸುಣ್ಣ ಬಳಿದಂತೆ ಕಾಣುವುದೂ ಇದೇ ಕಥೆಯ ಮುಂದುವರಿಕೆ.

ಹಾಗಾದರೆ ಕೈ ಪಳಗುತ್ತಿದ್ದದ್ದು ಹೇಗೆ? ಯಕ್ಷಗಾನ ಮೇಳದಲ್ಲಿ ಹೊಸ ಹುಡುಗ ಕೋಡಂಗಿ, ಬಾಲಗೋಪಾಲನಿಂದ ಶುರುಮಾಡಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತಾನೆ. ಚೌಕಿಯಲ್ಲಿ ಹಿರಿಯರು ಬಣ್ಣ ಬರೆದುಕೊಳ್ಳುವುದನ್ನು ನೋಡಿ ತನ್ನ ಮುಖದ ಮೇಲೆ ತಾನೇ ಬರೆಯುತ್ತಾನೆ. ಕಂಪನಿಯಲ್ಲೂ ಕ್ರಮ ಇದಕ್ಕೆ ಹತ್ತಿರವೇ. ಹೊಸಬ ಸಾಮಾನು ಹೊರುತ್ತಾನೆ, ಬಣ್ಣ ಅರೆಯುತ್ತಾನೆ, ಮೀಸೆ ಅಂಟಿಸಿ ಕೊಡುತ್ತಾನೆ, ಸಣ್ಣ ಪಾತ್ರಕ್ಕೆ ನಿಲ್ಲುತ್ತಾನೆ. ಬಣ್ಣ ಎಂಬುದು ಬೇರೆ ಪಾಠವಲ್ಲ, ಹಾಡು, ಮಾತು, ನಡಿಗೆಯ ಜೊತೆಗೇ ಬರುವ ಒಂದು ಅಂಗ. ಪ್ರತಿ ರಾತ್ರಿ ಒಂದು ಮುಖ, ಎದುರಿಗೆ ಹಣ ಕೊಟ್ಟು ಕೂತ ಜನ, ನಡುರಾತ್ರಿಯ ಬೆವರು. ತಪ್ಪಿದರೆ ಅದೇ ರಾತ್ರಿ ಗೊತ್ತಾಗುತ್ತಿತ್ತು. ಮರುದಿನವೇ ತಿದ್ದಿಕೊಳ್ಳಲು ಅವಕಾಶವಿತ್ತು. ಬನಶಂಕರಿ ಜಾತ್ರೆಗೆ ಇಂದಿಗೂ ಹಲವು ಕಂಪನಿಗಳು ಡೇರೆ ಹಾಕುತ್ತವೆ. ಅಲ್ಲಿ ಒಂದೇ ಹಂಗಾಮಿನಲ್ಲಿ ಒಂದು ಕೈಗೆ ಸಿಗುವ ಮುಖಗಳನ್ನು, ತರಗತಿಯಲ್ಲಿ ಗೆಳತಿಯ ಮುಖದ ಮೇಲೆ ಮಾಡುವ ನಾಲ್ಕಾರು ಅಭ್ಯಾಸಗಳೊಂದಿಗೆ ಹೋಲಿಸಿದರೆ ನಾನು ಹೇಳಹೊರಟಿರುವುದು ಸ್ಪಷ್ಟವಾಗುತ್ತದೆ.

ಇದಕ್ಕೆ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದು: ಹಳೆಯ ಕಂಪನಿಯ ಕಲಿಕೆಯನ್ನು ಹೊಗಳುವವರು ಅದರ ಕ್ರೌರ್ಯವನ್ನು ಮರೆಯುತ್ತಾರೆ. ಒಪ್ಪಬೇಕು. ಮನೆ ಬಿಟ್ಟು ಬಂದ ಹುಡುಗರಿಗೆ ಊಟ, ಬಟ್ಟೆಯೇ ಸಂಬಳವಾಗಿದ್ದುಂಟು. ಅರದಾಳದಲ್ಲಿ ಶಂಖಪಾಷಾಣದ ಅಂಶವಿದೆ, ಇಂಗಳೀಕದಲ್ಲಿ ಪಾದರಸ, ಹಳೆಯ ಬಗೆಯ ಸಫೇತದಲ್ಲಿ ಸೀಸ. ಇವನ್ನು ವರ್ಷಗಟ್ಟಲೆ ಮುಖಕ್ಕೆ ಹಚ್ಚಿಕೊಂಡವರ ಚರ್ಮ ಏನಾಗಿರಬಹುದು ಎಂಬುದನ್ನು ಯಾವ ಸನ್ಮಾನ ಪತ್ರವೂ ಬರೆದಿಲ್ಲ. ಇನ್ನು ಹೆಂಗಸರು: ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಲಕ್ಷ್ಮೇಶ್ವರದ ಬಚ್ಚಾಸಾನಿಯಂಥವರು ತಾವೇ ಕಂಪನಿ ಕಟ್ಟಿದರೂ, ಶ್ರೀಕೃಷ್ಣ ಪಾರಿಜಾತದಲ್ಲಿ ಕೌಜಲಗಿ ನಿಂಗಮ್ಮ ಹೆಸರಾದರೂ, ರಂಗದ ಮೇಲಿನ ಹೆಣ್ಣಿಗೆ ಸಮಾಜ ಕೊಟ್ಟ ಮರ್ಯಾದೆ ಎಷ್ಟೆಂಬುದು ಎಲ್ಲರಿಗೂ ತಿಳಿದದ್ದೇ. ಅಳ್ನಾವರದ ಹುಡುಗಿಗೆ ಆ ಬಾಗಿಲು ಹಾಕಿಯೇ ಇತ್ತು. ಆದ್ದರಿಂದ ಹಳೆಯದು ಮರಳಿ ಬರಲಿ ಎಂಬುದು ನನ್ನ ಮಾತಲ್ಲ. ಕಂಪನಿಯಲ್ಲಿ ಎರಡು ಸಂಗತಿ ಒಟ್ಟಿಗಿದ್ದವು: ದುಡಿಮೆಯ ನಡುವಿನ ಕಲಿಕೆ ಒಂದು, ದುಡಿಯುವವರ ಮೇಲಿನ ಶೋಷಣೆ ಇನ್ನೊಂದು. ಎರಡನೆಯದನ್ನು ಬಿಡುವ ಭರದಲ್ಲಿ ಮೊದಲನೆಯದನ್ನೂ ಬಿಟ್ಟೆವು.

ಹೆಂಗಸರ ಪ್ರಶ್ನೆ ಇಲ್ಲಿಗೇ ಮುಗಿಯುವುದಿಲ್ಲ. ರಂಗದಿಂದ ಸಿನಿಮಾಕ್ಕೆ ಬಣ್ಣಗಾರಿಕೆ ದಾಟಿದಾಗ ಅದು ಸಂಘಟಿತ ಉದ್ಯೋಗವಾಯಿತು, ಕಾರ್ಡು ಬಂತು, ಕಾರ್ಡಿನ ಜೊತೆ ಬೇಲಿಯೂ ಬಂತು. ಮುಂಬಯಿಯ ಸಿನಿಮಾ ವೇಷಭೂಷಣ, ಮೇಕಪ್, ಕೇಶಾಲಂಕಾರದವರ ಸಂಘವು ಗಂಡಸರಿಗೆ ಮಾತ್ರ ಮೇಕಪ್ ಕಲಾವಿದರೆಂಬ ಕಾರ್ಡು ಕೊಟ್ಟು, ಹೆಂಗಸರನ್ನು ಕೇಶಾಲಂಕಾರಕ್ಕಷ್ಟೇ ಸೀಮಿತಗೊಳಿಸಿತ್ತು. ಕ್ಯಾಲಿಫೋರ್ನಿಯಾದಲ್ಲಿ ತರಬೇತಿ ಪಡೆದು ಬಂದ ಚಾರು ಖುರಾನಾ ಮತ್ತು ಜೊತೆಗಾರ್ತಿಯರು ಇದನ್ನು ಪ್ರಶ್ನಿಸಿದರು. 2014ರ ನವೆಂಬರ್ 10ರಂದು ನ್ಯಾಯಮೂರ್ತಿಗಳಾದ ದೀಪಕ್ ಮಿಶ್ರಾ ಮತ್ತು ಯು.ಯು. ಲಲಿತ್ ಅವರ ಸುಪ್ರೀಂ ಕೋರ್ಟ್ ಪೀಠ ಆ ನಿಯಮ ಸಂವಿಧಾನಕ್ಕೆ ವಿರುದ್ಧ ಎಂದು ತೀರ್ಪಿತ್ತಿತು. ಸಂಪ್ರದಾಯ ಹೆಂಗಸರನ್ನು ಹೊರಗಿಟ್ಟಿತು ಎಂದು ಸುಲಭವಾಗಿ ಹೇಳುತ್ತೇವೆ. ಇಲ್ಲಿ ಹೊರಗಿಟ್ಟದ್ದು ಇಪ್ಪತ್ತನೆಯ ಶತಮಾನದ ಒಂದು ಸಂಘದ ಉಪನಿಯಮ. ಅದೇ ಹೊತ್ತಿಗೆ ಹುಬ್ಬಳ್ಳಿಯಿಂದ ಹಳ್ಳಿಯವರೆಗೆ ಪಾರ್ಲರುಗಳಲ್ಲಿ ಸಾವಿರಾರು ಹೆಂಗಸರು ಯಾವ ಕಾರ್ಡೂ ಇಲ್ಲದೆ ಅದೇ ಕೆಲಸ ಮಾಡುತ್ತಿದ್ದರು. ತೀರ್ಪು ಬಂದ ಮರುವರ್ಷ ಪ್ರಕಟವಾದ 62ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಮೇಕಪ್ ಪ್ರಶಸ್ತಿ ಸಂದದ್ದು ಕನ್ನಡದ ‘ನಾನು ಅವನಲ್ಲ ಅವಳು’ ಚಿತ್ರಕ್ಕೆ, ನಾಗರಾಜು ಮತ್ತು ರಾಜು ಅವರ ಕೆಲಸಕ್ಕೆ. ಸಂಚಾರಿ ವಿಜಯ್ ಅವರ ಮುಖದಲ್ಲಿ ಹೆಣ್ಣನ್ನು ಕಾಣಿಸಿದ ಆ ಕೈಗಳ ಹಿಂದೆ ಕಂಪನಿಯ ಸ್ತ್ರೀಪಾರ್ಟಿನ ದೊಡ್ಡ ಪರಂಪರೆ ಇದೆ ಎಂದು ನನಗೆ ಅನ್ನಿಸುತ್ತದೆ.

ಈಗ ಕೋರ್ಸಿನ ಮಾತು. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳ, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಸೇರಿ ಕಟ್ಟಿದ ರುಡ್‌ಸೆಟ್ ಸಂಸ್ಥೆ ಧಾರವಾಡಕ್ಕೂ ಬಂತು. ಆಮೇಲೆ ಆ ಮಾದರಿಯನ್ನೇ ಕೇಂದ್ರ ಸರಕಾರ ದೇಶದ ಜಿಲ್ಲೆಗಳಿಗೆ ಹರಡಿತು. ಇಂಥ ಸಂಸ್ಥೆಗಳಲ್ಲಿ ಊಟ, ವಸತಿಯೊಂದಿಗೆ ಸುಮಾರು ಒಂದು ತಿಂಗಳ ಬ್ಯೂಟಿ ಪಾರ್ಲರ್ ತರಬೇತಿ ಪುಕ್ಕಟೆ. ಮನೆಯಿಂದ ಹೊರಬೀಳಲು ಸಾವಿರ ಸಲ ಅಪ್ಪಣೆ ಕೇಳಬೇಕಾದ ಹಳ್ಳಿಯ ಹೆಣ್ಣುಮಗಳಿಗೆ ಇದು ಎಷ್ಟು ದೊಡ್ಡದೆಂಬುದನ್ನು ಕಡೆಗಣಿಸುವ ಹಕ್ಕು ಯಾರಿಗೂ ಇಲ್ಲ. 2015ರಿಂದ ಕೌಶಲ ವಿಕಾಸ ಯೋಜನೆಯಡಿಯಲ್ಲೂ ಈ ಪಾಠಗಳು ನಡೆದಿವೆ. ದೊಡ್ಡ ಊರುಗಳ ಖಾಸಗಿ ಅಕಾಡೆಮಿಗಳಲ್ಲಿ ಶುಲ್ಕ ಬಲು ಭಾರಿ. ಎಲ್ಲ ಕಡೆಯೂ ಕೊನೆಯಲ್ಲಿ ಒಂದು ಪ್ರಮಾಣಪತ್ರ ಸಿಗುತ್ತದೆ. ಪ್ರಮಾಣಪತ್ರ ಕೈಗೆ ಬಂದ ಮರುದಿನ ಅಳ್ನಾವರಕ್ಕೆ ಮರಳಿದ ಹುಡುಗಿಗೆ ಬೇಕಾದದ್ದು ಮುಖಗಳು. ಸಿಗದೇ ಇರುವುದೂ ಅವೇ. ಯಾವ ತಾಯಿಯೂ ತನ್ನ ಮಗಳ ಲಗ್ನದ ದಿನವನ್ನು ಹೊಸಬಳ ಕೈ ಪಳಗಲು ಬಿಟ್ಟುಕೊಡುವುದಿಲ್ಲ. ತುಳಸಿ ಲಗ್ನ ಆದ ಮೇಲೆ ಕೆಲವು ವಾರ, ಆಮೇಲೆ ಮಾಘದಿಂದ ಜ್ಯೇಷ್ಠದವರೆಗೆ ಹಂಗಾಮು. ಧನುರ್ಮಾಸ, ಆಷಾಢ, ಪಿತೃಪಕ್ಷದಲ್ಲಿ ಕೆಲಸವಿಲ್ಲ. ಹೀಗೆ ವರ್ಷದ ಆದಾಯವೂ ಅನುಭವವೂ ಕೆಲವೇ ತಿಂಗಳಲ್ಲಿ ಬರಬೇಕು. ಸಾಮಗ್ರಿಗೆ ಮಾಡಿದ ಸಾಲಕ್ಕೆ ಮಾತ್ರ ಬಡ್ಡಿ ಹನ್ನೆರಡು ತಿಂಗಳೂ ಓಡುತ್ತದೆ. ಮೊದಲ ವರ್ಷ ಓರಗೆಯವರ ಮದುವೆಗೆ ಪುಕ್ಕಟೆ ಮಾಡಿ, ಎರಡನೆಯ ವರ್ಷ ಅರ್ಧ ದರಕ್ಕೆ ಮಾಡಿ, ಮೂರನೆಯ ವರ್ಷಕ್ಕೆ ಹೆಸರು ಬಂದರೆ ಅದೇ ಪುಣ್ಯ. ಅಷ್ಟರಲ್ಲಿ ಎಷ್ಟೋ ಜನ ಬಿಟ್ಟಿರುತ್ತಾರೆ, ಇಲ್ಲವೇ ಹುಬ್ಬು ತಿದ್ದುವುದರಲ್ಲೇ ಉಳಿದಿರುತ್ತಾರೆ.

ರಂಗದ ಬಣ್ಣವೇ ಬೇರೆ, ಮದುಮಗಳ ಮೇಕಪ್ಪೇ ಬೇರೆ, ಎರಡನ್ನೂ ಒಂದೇ ಚರಿತ್ರೆಗೆ ಕಟ್ಟುವುದು ಸರಿಯಲ್ಲ ಎಂದು ವಾದಿಸಬಹುದು. ದೂರ ಮತ್ತು ನಯ ಬೇರೆ, ನಿಜ. ರಂಗದ ಮುಖ ಐವತ್ತು ಅಡಿ ಆಚೆಯಿಂದ ಕಾಣಬೇಕು, ಮದುಮಗಳದು ಅಕ್ಷತೆ ಹಾಕುವವರಿಗೆ ಮೊಳದ ಅಂತರದಲ್ಲಿ. ಶುಚಿಯ ವಿಷಯದಲ್ಲಿ ಇಂದಿನ ಪಾಠ ಎಷ್ಟೋ ಮೇಲು. ಒಬ್ಬರ ಬ್ರಷ್ ತೊಳೆಯದೆ ಇನ್ನೊಬ್ಬರಿಗೆ ಬಳಸಬಾರದೆಂಬುದು ಹಳೆಯ ಚೌಕಿಯ ನಿಯಮವಾಗಿರಲಿಲ್ಲ. ಆದರೆ ಕಷ್ಟದ ಪ್ರಶ್ನೆಗಳು ಒಂದೇ. ಏಪ್ರಿಲ್–ಮೇ ತಿಂಗಳ ಸೆಕೆಯಲ್ಲಿ, ಹೋಮದ ಹೊಗೆಯ ಮುಂದೆ, ನಸುಕಿನಿಂದ ಸಂಜೆಯ ಆರತಕ್ಷತೆಯವರೆಗೆ ಬಣ್ಣ ಹೇಗೆ ನಿಲ್ಲಬೇಕು? ಹಿಂದಿನ ದಿನದ ಅರಿಷಿಣ ಚರ್ಮಕ್ಕೆ ಇಳಿದು ಹಳದಿಯಾಗಿರುವಾಗ ಫೌಂಡೇಶನ್ನಿನ ಬಣ್ಣ ಆರಿಸುವುದು ಹೇಗೆ? ಲಿಂಗಾಯತ ಮದುಮಗಳ ಹಣೆಗೆ ವಿಭೂತಿ ಬರುತ್ತದೆ, ಅದಕ್ಕೆ ಹಣೆಯನ್ನು ಹೇಗೆ ಸಿದ್ಧ ಮಾಡಬೇಕು? ಬಾಸಿಂಗ, ದಂಡಿಯ ನೆರಳು ಕಣ್ಣಿನ ಮೇಲೆ ಬೀಳುತ್ತದೆ. ಮರಾಠಿ ಮನೆಯಲ್ಲಿ ಮುಂಡಾವಳಿ, ಮುಸ್ಲಿಮರ ಮನೆಯಲ್ಲಿ ಸೆಹರಾ. ಕನ್ನಡ, ಮರಾಠಿ, ಉರ್ದು, ಕೊಂಕಣಿ ಒಟ್ಟಿಗೆ ಬಾಳುವ ಅಳ್ನಾವರದಲ್ಲಿ ಒಂದು ಹಂಗಾಮಿನಲ್ಲೇ ಇವೆಲ್ಲವೂ ಎದುರಾಗುತ್ತವೆ. ಇದನ್ನು ಕಲಿಸುವ ಪಠ್ಯ ಮುಂಬಯಿಯಲ್ಲಿ ಇಲ್ಲ. ಲಗ್ನದ ಮನೆಯಲ್ಲಿ ಅನುಭವಸ್ಥಳ ಪಕ್ಕದಲ್ಲಿ ನಿಂತವಳಿಗಷ್ಟೇ ಬರುತ್ತದೆ. ಮೊಬೈಲಿನಲ್ಲಿ ನೋಡಿ ಕಲಿಯಬಹುದಲ್ಲ ಎನ್ನುವವರಿಗೂ ಇದೇ ಉತ್ತರ. ವಿಡಿಯೋದಲ್ಲಿ ಕ್ರಮ ಕಾಣುತ್ತದೆ. ಎದುರಿಗಿರುವ ಈ ಚರ್ಮ ಎಣ್ಣೆ ಬಿಡುತ್ತದೆಯೋ ಒಡೆಯುತ್ತದೆಯೋ ಎಂಬುದು ಬೆರಳಿಗೇ ತಿಳಿಯಬೇಕು.

ದುಡಿಮೆ, ಕಲಿಕೆಗಳನ್ನು ಮತ್ತೆ ಬೆಸೆಯುವುದು ಹಗಲುಗನಸು ಎನ್ನಲಾಗದು, ಉದಾಹರಣೆ ನಮ್ಮಲ್ಲೇ ಇದೆ. ಹೆಗ್ಗೋಡಿನ ನೀನಾಸಂ 1980ರಲ್ಲಿ ರಂಗಶಿಕ್ಷಣ ಕೇಂದ್ರ ತೆರೆದಾಗ ಪ್ರಸಾಧನವನ್ನು ಪಾಠವಾಗಿಟ್ಟಿತು, ಆದರೆ ವಿದ್ಯಾರ್ಥಿಗಳನ್ನು ನಿಜವಾದ ಪ್ರದರ್ಶನಗಳ ನಡುವೆಯೇ ಇರಿಸಿತು; 1985ರಲ್ಲಿ ತಿರುಗಾಟ ಶುರುವಾದ ಮೇಲೆ ಕಲಿತವರಿಗೆ ಊರೂರು ಸುತ್ತಿ ಪ್ರದರ್ಶನ ಕೊಡುವ ಹಾದಿಯೂ ತೆರೆಯಿತು. ಕಂಪನಿಯ ಒಳ್ಳೆಯದನ್ನು ಉಳಿಸಿಕೊಂಡು ಕೆಟ್ಟದ್ದನ್ನು ಕಳೆಯುವ ದಾರಿ ಅದು. ಪಾರ್ಲರ್ ಕಸುಬಿಗೆ ಅಂಥ ಏರ್ಪಾಡು ಏಕಿಲ್ಲ ಎಂದು ಹುಡುಕಿದರೆ ಕಾರಣ ಕಾನೂನಿನ ಸಾಲುಗಳಲ್ಲಿ ಸಿಗುತ್ತದೆ. 1961ರ ಅಪ್ರೆಂಟಿಸ್ ಕಾಯ್ದೆಯಡಿ, 2016ರಲ್ಲಿ ಬಂದ ಪ್ರೋತ್ಸಾಹ ಯೋಜನೆಯ ಪ್ರಕಾರ, ಕಲಿಯುವವರ ಭತ್ಯೆಯ ಕಾಲುಭಾಗವನ್ನು, ತಿಂಗಳಿಗೆ 1,500 ರೂಪಾಯಿ ಮೀರದಂತೆ, ಸರಕಾರ ಭರಿಸುತ್ತದೆ. ಆದರೆ 2019ರ ನಿಯಮದಲ್ಲಿ ಕನಿಷ್ಠ ನಾಲ್ಕು ಜನ ಕೆಲಸಗಾರರಿರುವ ಸಂಸ್ಥೆಗೆ ಮಾತ್ರ ಅಪ್ರೆಂಟಿಸ್ ಇಟ್ಟುಕೊಳ್ಳುವ ಅವಕಾಶ. ಒಬ್ಬಳೇ ನಡೆಸುವ, ಹೆಚ್ಚೆಂದರೆ ತಂಗಿಯನ್ನು ಜೊತೆಗಿಟ್ಟುಕೊಂಡ ಅಳ್ನಾವರದ ಪಾರ್ಲರ್ ಆ ಲೆಕ್ಕಕ್ಕೇ ಬರುವುದಿಲ್ಲ. 2023ರ ಪಿಎಂ ವಿಶ್ವಕರ್ಮ ಯೋಜನೆ ಗುರುಶಿಷ್ಯ ಪರಂಪರೆಯ ಹೆಸರು ಹೇಳಿಯೇ 18 ಕಸುಬುಗಳಿಗೆ ತರಬೇತಿ ಭತ್ಯೆ, 15,000 ರೂಪಾಯಿಯ ಸಲಕರಣೆ ಕೊಡುತ್ತದೆ. ಅದರಲ್ಲಿ ನಾವಿ ಇದ್ದಾನೆ, ಹೂಮಾಲೆ ಕಟ್ಟುವವನಿದ್ದಾನೆ. ಅವರಿಬ್ಬರ ಕೆಲಸವನ್ನೂ ಸೇರಿಸಿಕೊಂಡು ಮದುಮಗಳನ್ನು ಸಿಂಗರಿಸುವವಳು ಇಲ್ಲ, ಏಕೆಂದರೆ ಆ ಪಟ್ಟಿ ಹಳೆಯ ಕುಲಕಸುಬುಗಳನ್ನು ನೋಡಿ ಬರೆದದ್ದು.

ನಾಲ್ಕು ಎಂಬ ಆ ಅಂಕಿ ಒಂದಕ್ಕೆ ಇಳಿಯಬೇಕು. ಅದು ದಿಲ್ಲಿಯಲ್ಲಿ ಆಗಬೇಕಾದ ಕೆಲಸ, ಹೊತ್ತು ಹಿಡಿಯುತ್ತದೆ. ಅಲ್ಲಿಯತನಕ ಜಿಲ್ಲೆಯ ಮಟ್ಟದಲ್ಲೇ ಆಗಬಹುದಾದದ್ದೊಂದಿದೆ. ರುಡ್‌ಸೆಟ್ ಮಾದರಿಯ ಸಂಸ್ಥೆಗಳು ತರಬೇತಿ ಮುಗಿದ ಮೇಲೆ ಎರಡು ವರ್ಷ ಅಭ್ಯರ್ಥಿಯ ಬೆನ್ನಿಗಿರುವ ನಿಯಮ ಇಟ್ಟುಕೊಂಡಿವೆ. ಆ ಬೆಂಬಲ ಹೆಚ್ಚಾಗಿ ಬ್ಯಾಂಕಿನ ಸಾಲ, ಅಂಗಡಿಯ ಲೆಕ್ಕದ ಸುತ್ತ ಇರುತ್ತದೆ. ಅದೇ ಎರಡು ವರ್ಷದಲ್ಲಿ ತುಳಸಿ ಲಗ್ನದಿಂದ ಜ್ಯೇಷ್ಠದವರೆಗಿನ ಒಂದು ಪೂರ್ತಿ ಹಂಗಾಮನ್ನು ಧಾರವಾಡ, ಅಳ್ನಾವರ, ಕಲಘಟಗಿ, ಹಳಿಯಾಳಗಳ ನುರಿತ ಕೈಯೊಂದರ ಪಕ್ಕದಲ್ಲಿ ಕಳೆಯುವಂತೆ ಮಾಡಿ, ಹೋಗಿಬರುವ ಖರ್ಚನ್ನೂ ದಿನದ ಭತ್ಯೆಯನ್ನೂ ಕಲಿಯುವವಳಿಗೆ ಕೊಟ್ಟು, ಕಲಿಸುವವಳಿಗೂ ಒಂದಿಷ್ಟು ಗೌರವಧನ ಗೊತ್ತುಮಾಡಿ, ಆ ಹಂಗಾಮು ಮುಗಿದ ಮೇಲೆಯೇ ಪ್ರಮಾಣಪತ್ರಕ್ಕೆ ಸಹಿ ಹಾಕಬೇಕು.